ಅರಿವೆ ಒಗೆಯುವ ಸವತಿ

ಹೋದ ತಿಂಗಳು ಮೊಣಕಾಲು ತೋರಿಸಲೆಂದು ಮೊಮ್ಮಗಳು ನನ್ನನ್ನು ಹುಬ್ಬಳ್ಳಿಯ ದೊಡ್ಡದೊಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದಳು. ಮುಂದಿನ ಬಾಗಿಲಲ್ಲಿ ಬಹಳ ಗದ್ದಲವಿತ್ತೆಂದು ಹಿಂದಿನ ಹಾದಿಯಿಂದ ಹೋದೆವು. ಅಲ್ಲೊಂದು ಬಾಗಿಲು ತೆರೆದಿತ್ತು. ಬಿಸಿ ಉಗಿ, ಸೋಡಾ, ಕಾದ ರಬ್ಬರಿನ ಪಟ್ಟಾ, ಮೂರೂ ಕೂಡಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ.

“ಅಯ್ಯ, ಅಕಿ ಇಲ್ಲೂ ಬಂದಾಳಲ್ಲ!” ಎಂದೆ.

“ಯಾರು ಆಯೀ?” ಎಂದಳು ಮೊಮ್ಮಗಳು.

“ನನ್ನ ಸವತಿ.”

ಅವಳು ಗಾಬರಿಯಾಗಿ ಒಳಗೆ ಇಣುಕಿದಳು. ಒಳಗೆ ಯಾವ ಹೆಂಗಸೂ ಇರಲಿಲ್ಲ. ಗೋಡೆಯ ಉದ್ದಕ್ಕೂ ದೊಡ್ಡ ದೊಡ್ಡ ಅರಿವೆ ಒಗೆಯುವ ಮಷೀನುಗಳು ಗರಗರ ತಿರುಗುತ್ತಿದ್ದವು. ಅವತ್ತಿನಿಂದ ಅವಳು ನನ್ನ ಬೆನ್ನು ಬಿಟ್ಟಿಲ್ಲ. ನಾನು ಹೇಳುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ. ನನ್ನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದುತ್ತಾಳಂತೆ. ತಿದ್ದಲಿ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ಇದು ಎಪ್ಪತ್ತೈದರ ಆಚೀಚಿನ ಮಾತು. ಕುಂದಗೋಳ ತಾಲೂಕಿನಲ್ಲಿ ಯರಗುಪ್ಪಿಯ ಆಚೆ ನಮ್ಮೂರು. ನಮ್ಮದು ಅಗಸರ ಮನೆ. ಊರಿನ ಅರಿವೆಯ ಜೊತೆಗೆ ಎರಡು ಹರದಾರಿ ದೂರದ ಧರ್ಮದ ದವಾಖಾನೆಯ ಅರಿವೆಯೂ ನಮಗೇ ಬರುತ್ತಿತ್ತು. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರರ ಬಿಳಿ ಅಂಗಿ. ನನ್ನ ಗಂಡ ಫಕೀರಪ್ಪ ಕತ್ತೆಯ ಮೇಲೆ ಗಂಟು ಹೇರಿಕೊಂಡು ತರುತ್ತಿದ್ದ. ಸವಳುಮಣ್ಣಿನ ನೀರಲ್ಲಿ ನೆನೆಸಿ, ಹಂಡೆಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ ಉಗಿಯಲ್ಲಿ ಬೇಯಿಸುತ್ತಿದ್ದೆವು. ಅದಕ್ಕೆ ಉಬ್ಬಿ ಹಾಕುವುದು ಎನ್ನುತ್ತಾರೆ. ಮರುದಿನ ಹಳ್ಳದಲ್ಲಿ ಎದುರುಬದುರು ಎರಡು ಕಲ್ಲು, ಅವನೊಂದಕ್ಕೆ, ನಾನೊಂದಕ್ಕೆ. ಅವನು ಎತ್ತಿದಾಗ ನಾನು ಬಡಿಯುವುದು, ನಾನು ಎತ್ತಿದಾಗ ಅವನು. ಒಂದು ಏಟೂ ತಪ್ಪುತ್ತಿರಲಿಲ್ಲ. ದನ ಕಾಯುವವರು ದಂಡೆಯಲ್ಲಿ ನಿಂತು ಕೇಳುತ್ತಿದ್ದರು.

ಮನೆಯಲ್ಲಿ, ಜನರೆದುರು ನಾನು ಅವನಿಗೆ ‘ರಿ’ ಹಚ್ಚಿ ಮಾತಾಡುತ್ತಿದ್ದೆ. ಹಳ್ಳದಲ್ಲಿ ಇಬ್ಬರೇ ಇದ್ದಾಗ ಮಾತ್ರ ನೀನು, ನಾನು. ಅವನು ನನ್ನನ್ನು ಗಂಗೀ ಎನ್ನುತ್ತಿದ್ದ. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ನನ್ನದೇ, ಹೂಂ ಎನ್ನುವುದು ಅವನದು. ಆ ಹಳ್ಳ ನನಗೆ ತವರಿಗಿಂತ ಹೆಚ್ಚಾಗಿತ್ತು. ಯಾಕೆಂದರೆ ಅಲ್ಲಿ ಅವನು ನನ್ನೊಬ್ಬಳವನೇ ಆಗಿರುತ್ತಿದ್ದ.

ಆ ವರ್ಷ ದೀಪಾವಳಿಯ ಮುಂದೆ ಬಂದಳು ನೋಡಿ ಅಕಿ.

ಮುಂಬಯಿಯ ಯಾರೋ ಬಳಸಿ ಬಿಟ್ಟ ಮಷೀನನ್ನು ದವಾಖಾನೆಯವರು ತರಿಸಿದ್ದರು. ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಅಲ್ಲಿಂದ ಚಕ್ಕಡಿಗಳ ಮೇಲೆ ತುಂಡುತುಂಡಾಗಿ ಬಂತು. ಜೋಡಿಸಲು ಮುಂಬಯಿಯಿಂದಲೇ ಒಬ್ಬ ಮಿಸ್ತ್ರಿ ಬಂದ. ಅವನ ಕೈಕೆಳಗೆ ಒಬ್ಬ ಆಳು ಬೇಕಾಗಿತ್ತು. ಅರಿವೆಯ ಕೆಲಸ ಬಲ್ಲವನೇ ಇರಲಿ ಎಂದು ದವಾಖಾನೆಯ ಕಾರಭಾರಿ ನನ್ನ ಗಂಡನನ್ನು ಕರೆಸಿಕೊಂಡರು. ನಾಲ್ಕು ದಿನ ಹೋಗಿ ಬರುತ್ತೇನೆ ಎಂದು ಹೋದವನು ವಾರಕ್ಕೊಮ್ಮೆ ಮನೆಗೆ ಬರುವ ನೆಂಟನಾದ.

ಬಂದರೆ ಅದೇ ಮಾತು. ಇಷ್ಟು ವರ್ಷ ಹೂಂ ಎನ್ನುತ್ತಿದ್ದ ಬಾಯಿಗೆ ಆ ಮಾತೆಲ್ಲ ಎಲ್ಲಿಂದ ಬಂತೋ! ಅವ್ವನಿಗೆ ಹೇಳಿದಂತೆ ಮಾಡಿ ನನಗೆ ಹೇಳುತ್ತಿದ್ದ.

“ಯವ್ವಾ, ಅಕಿ ಒಳಗ ಎರಡು ಪೀಪಾಯಿ ಅದಾವು. ಹೊರಗಿಂದು ಕಬ್ಬಿಣದ್ದು, ಅಡ್ಡ ಮಲಗಿಸಿದಂಗ ಐತಿ, ಅದು ಅಲ್ಲಾಡೂದಿಲ್ಲ. ಅದರೊಳಗ ಹಿತ್ತಾಳಿದು ಇನ್ನೊಂದು, ಮೈತುಂಬ ತೂತು. ಹಂಡೆದಾಗ ಸಾಣಗಿ ಇಟ್ಟಂಗ. ಅರಿವಿ ಒಳಗಿನದ್ರಾಗ, ನೀರು ಎರಡರಾಗೂ.”

“ಅರಿವಿ ಬಡಿಯಾವ್ರು ಯಾರು?” ಅತ್ತೆ ಕೇಳಿದರು.

“ಅದ ಮಜಾ. ಒಳಗಿನ ಪೀಪಾಯಿಗೆ ಉದ್ದಕ ಮೂರು ಏಣು ಅದಾವು. ತಿರಗಿದಾಗ ಅರಿವಿ ಎತಗೊಂಡು ಮ್ಯಾಲ ಒಯ್ತಾವು, ಅಲ್ಲಿಂದ ದಪ್ಪಂತ ಕೆಳಗ ಬಿಡ್ತಾವು. ನಾವು ಕಲ್ಲಿನ ಮ್ಯಾಲ ಒಗದಂಗ, ಅಕಿ ನೀರಿನ ಮ್ಯಾಲ ಒಗೀತಾಳ. ಅರಿವಿ ಹರಿಯೂದಿಲ್ಲ. ಕೆಳಗಿಂದ ಉಗಿ ಬಿಟ್ಟರ ಅಲ್ಲೇ ಉಬ್ಬಿ, ಅಲ್ಲೇ ಒಗ್ಯಾಣ!”

ನಾನು ರೊಟ್ಟಿ ಬಡಿಯುತ್ತಿದ್ದೆ. ಅವನ ಮಾತು ಕೇಳಬಾರದೆಂದು ಇನ್ನೂ ಜೋರಾಗಿ ಬಡಿದೆ. ಅವತ್ತಿನ ರೊಟ್ಟಿ ಹಪ್ಪಳದಂತೆ ತೆಳ್ಳಗಾಗಿದ್ದವು. ಅವನು ಅದನ್ನೂ ಗಮನಿಸಲಿಲ್ಲ.

ನನಗೆ ಸಿಟ್ಟು ತರಿಸಿದ್ದು ಮಷೀನು ಎನ್ನುವುದಲ್ಲ, ‘ಅಕಿ’ ಎನ್ನುವುದು. ಅಕಿಗೆ ನೀರು ಕಡಿಮೆಯಾದರೆ ಸೇರುವುದಿಲ್ಲ. ಅಕಿಗೆ ಒಂದು ಕಡೆ ಹೊರೆ ಹೆಚ್ಚಾದರೆ ಮೈ ನಡುಗುತ್ತದೆ. ಅಕಿಯ ಕೀಲಿಗೆ ದಿನಾ ಎಣ್ಣೆ ಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಬದನೆಕಾಯಿ ಸೇರುವುದಿಲ್ಲ ಎನ್ನುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ!

ಒಂದು ವಾರ ಬಂದವನೇ, “ಗಂಗವ್ವ, ಹಳೇ ಸೀರಿ ಇದ್ರ ಒಂದು ಕೊಡು. ಅಗದಿ ಮೆತ್ತಂದು ಬೇಕು. ಹಿತ್ತಾಳಿ ಒರಸಾಕ” ಎಂದ.

“ಯಾಕ್ರಿ, ಹೊಸಾದ ಒಯ್ರಿ. ಇಳಕಲ್ ಸೀರಿ ಐತಿ. ಉಡಿಸಿ, ಹೂವಿನ ದಂಡಿ ಕಟ್ಟಿ, ಬಾಜೂಕ ಕುಂಡ್ರಿಸಿಗೋರಿ” ಎಂದೆ.

ಅವನು ನಕ್ಕ. ಹುಚ್ಚಿ ಎಂದ. ಕೊನೆಗೆ ನಾನು ಹೊದೆಯುತ್ತಿದ್ದ ಸೀರೆಯನ್ನೇ ಹರಿದು ಒಯ್ದ. ಆ ಚಳಿಯಲ್ಲಿ ನಾನು ಅರ್ಧ ಸೀರೆ ಹೊದ್ದು ಮಲಗಿದೆ, ಉಳಿದರ್ಧ ಅಕಿಯ ಮೈ ಮೇಲೆ. ಅತ್ತೆ ಕತ್ತಲಲ್ಲೇ ಹೇಳಿದರು: “ಸುಮ್ನಿರ ಬೇ. ಗಂಡಸ್ರಿಗೆ ಏನಾರ ಒಂದು ಚಟ ಇರತೈತಿ. ಕುಡಿಯೂದಕ್ಕಿಂತ ಇದು ಛಲೋ.”

“ಕುಡುದ್ರ ಮನಿಗರೆ ಬರತಿದ್ರು, ಅತ್ತಿ” ಎಂದೆ.

ಊರವರೂ ಬಿಡಲಿಲ್ಲ. ಹಳ್ಳದಲ್ಲಿ ನಾನೊಬ್ಬಳೇ ಕಲ್ಲಿಗೆ ಬಡಿಯುವಾಗ, ಎದುರಿನ ಕಲ್ಲು ಖಾಲಿ ಇರುವುದನ್ನು ನೋಡಿ, “ಏನ ಗಂಗವ್ವ, ಜೋಡಿ ಎಲ್ಲಿ ಹೋತು?” ಎನ್ನುವರು. “ಮುಂಬಯಿಯಾಕಿ ಇಟಗೊಂಡಾಳ” ಎಂದು ನಾನೇ ಹೇಳಿಬಿಡುತ್ತಿದ್ದೆ. ಬೇರೆಯವರು ಅನ್ನುವುದಕ್ಕಿಂತ ನಾವೇ ಅಂದುಕೊಂಡರೆ ಉರಿ ಸ್ವಲ್ಪ ಕಡಿಮೆ.

ಬಿಳಿಜೋಳದ ಸುಗ್ಗಿ ಮುಗಿಯುತ್ತ ಬಂತು. ತೆನೆ ಕೊಯ್ದ ಜೋಳದ ದಂಟು, ಅದೇ ಕಣಿಕಿ, ಊರೊಳಗೆ ಬಂದು ಬಣವೆಯಾದವು. ಶಿವರಾತ್ರಿ ಹತ್ತಿರವಿರುವಾಗ ಫಕೀರಪ್ಪ ಬಂದು ಎರಡು ಸುದ್ದಿ ಹೇಳಿದ. ಮಷೀನು ತಯಾರಾಗಿದೆ, ಮಿಸ್ತ್ರಿ ಊರಿಗೆ ಹೊರಟ. ಇನ್ನು ಅದನ್ನು ನಡೆಸುವವನು ಇವನೇ. ಕೆಲಸ ಕಾಯಂ. ಆದರೆ ಬೆಳಕು ಹರಿಯುವ ಮುಂಚೆ ಬಾಯ್ಲರಿಗೆ ಹತ್ತಿಕಟ್ಟಿಗೆ ಒಟ್ಟಿ ಬೆಂಕಿ ಹಾಕಬೇಕು, ಹಾಗಾಗಿ ಅಲ್ಲೇ ಇರಬೇಕು. ಮಷೀನಿನ ಮನೆಗೆ ಹೊಂದಿ ಒಂದು ಖೋಲಿ ಕೊಡುತ್ತಾರೆ. ಒಬ್ಬನಿಗೆ.

“ನಾವು?” ಎಂದೆ.

“ವಾರಕ್ಕೊಮ್ಮಿ ಬರ್ತೀನಲ್ಲ.”

ಅಲ್ಲಿಯವರೆಗೆ ನಾನು ಮುಖ ಊದಿಸಿಕೊಂಡದ್ದೆಲ್ಲ ಅರ್ಧ ಆಟ. ಈಗ ಗೊತ್ತಾಯಿತು, ಇದು ನಾಲ್ಕು ತಿಂಗಳ ಚಟವಲ್ಲ, ಜನ್ಮದ ಮಾತು. ನಾನು ಇಲ್ಲಿ ಒಂಟಿ ಕಲ್ಲಿಗೆ ಬಡಿಯುತ್ತಿರಬೇಕು, ಅವನು ಅಲ್ಲಿ ಅಕಿಯ ಪಕ್ಕದಲ್ಲಿ ಮುಪ್ಪಾಗಬೇಕು.

ಎರಡನೆಯ ಸುದ್ದಿ ಇದಕ್ಕಿಂತ ಛಲೋ ಇತ್ತು. ಮಷೀನಿನ ಪೂಜೆಗೆ ನಾನು ಹೋಗಬೇಕಂತೆ. ನಮ್ಮ ಕಡೆ ಹೊಸ ಭಾವಿಗೂ ಉಡಿ ತುಂಬುತ್ತೇವೆ, ತೆನೆ ಹೊತ್ತ ಭೂಮಿಗೂ ಉಡಿ ತುಂಬುತ್ತೇವೆ. ಹೆಣ್ಣೆಂದು ತಿಳಿದದ್ದಕ್ಕೆಲ್ಲ ಉಡಿ ತುಂಬದೆ ಕೆಲಸ ಹಿಡಿಸುವುದಿಲ್ಲ. ಮಷೀನಿಗೂ ತುಂಬಬೇಕು ಎಂದು ಇವನೇ ಹೇಳಿದ್ದನಂತೆ. ಯಾರ ಕೈಯಿಂದ ಎಂದು ಕೇಳಿದ್ದಕ್ಕೆ, “ನಮ್ಮ ಗಂಗವ್ವನ ಕೈಯಿಂದ” ಎಂದಿದ್ದನಂತೆ!

ಹಳೆಯ ಹೆಂಡತಿಯ ಕೈಯಿಂದ ಹೊಸಬಳಿಗೆ ಉಡಿ ತುಂಬಿಸುವುದು ನಮ್ಮಲ್ಲಿ ಎರಡನೇ ಮದುವೆಯ ರೀತಿ. ಅದು ಅವನ ತಲೆಗೆ ಹೊಳೆಯಲೇ ಇಲ್ಲ. ನನಗೆ ಬೇರೇನೂ ಹೊಳೆಯಲಿಲ್ಲ.

ಹೋದೆ. ಹೋಗದೆ ಇರುವವಳು ನಾನಲ್ಲ. ಅತ್ತೆಯನ್ನೂ ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು, ಇಳಕಲ್ ಸೀರೆಯನ್ನು ನಾನೇ ಉಟ್ಟುಕೊಂಡು ಹೋದೆ. ಅವತ್ತು ಮೊದಲ ಸಲ ಅಕಿಯನ್ನು ನೋಡಿದೆ. ಏನು ಹೇಳಲಿ? ಗಾಣದಷ್ಟು ಗಾತ್ರ, ಹೊಟ್ಟೆಗೆ ಒಂದು ಬಾಗಿಲು, ಆ ಬಾಗಿಲೊಳಗೆ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ನನ್ನ ಸೀರೆಯಿಂದ ಒರೆಸಿದ ಹೊಳಪು. ಪಕ್ಕದಲ್ಲಿ ನೀರು ಹಿಂಡಿ ತೆಗೆಯುವ ಇನ್ನೊಂದು ಮಷೀನು, ಅದು ಅಕಿಯ ತಂಗಿಯಿದ್ದಂತೆ. ಮೇಲೆ ಚಕ್ರ, ಅದನ್ನು ತಿರುಗಿಸುವ ಪಟ್ಟಾ. ಹಿಂದೆ ಬಾಯ್ಲರು.

ದವಾಖಾನೆಯ ಡಾಕ್ಟರಬಾಯಿ ಕಾಯಿ ಒಡೆದರು. ಕಾರಭಾರಿ ಹೂವಿನ ಮಾಲೆ ಹಾಕಿದರು. “ಬಾ ಗಂಗವ್ವ, ಉಡಿ ತುಂಬು” ಎಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ, ಕುಂಕುಮ, ಒಂದು ಖಣ. ಖಣವನ್ನು ಆ ಹಿತ್ತಾಳೆ ಪೀಪಾಯಿಯೊಳಗೆ ಹಾಸಿ ಬೊಗಸೆಯಿಂದ ಸುರಿದೆ. ಒಂದು, ಎರಡು, ಐದು. ವಾಡಿಕೆಗೆ ಐದು ಸಾಕು. ನನ್ನ ಕೈ ನಿಲ್ಲಲಿಲ್ಲ. ಅಕ್ಕಿ ಮುಗಿದ ಮೇಲೆ ಅರಿಷಿಣದ ತಾಟನ್ನೇ ಎತ್ತಿ ಸುರಿದೆ, ಅದರ ಹಿಂದೆ ಕುಂಕುಮ.

“ಸಾಕು ಗಂಗವ್ವ” ಎಂದ ಫಕೀರಪ್ಪ.

“ಇರ್ಲಿ ತಗೋರಿ. ಹೊಸ ಮದಲಗಿತ್ತಿಗೆ ಕಮ್ಮಿ ಮಾಡಬಾರ್ದು” ಎಂದೆ.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಆಮೇಲೆ ಅವನು ಖಣದ ಗಂಟನ್ನು ಹುಷಾರಾಗಿ ಹೊರಗೆ ತೆಗೆದು, ಪೀಪಾಯಿಯ ಒಳಗನ್ನು ಒರೆಸಿದ. ಕಣ್ಣಿಗೆ ಕಂಡದ್ದನ್ನು ಒರೆಸಿದ, ಕಾಣದ್ದನ್ನು ಯಾರು ಒರೆಸಬೇಕು? ಖಣದ ಆಚೆ ಚೆಲ್ಲಿದ್ದೆಲ್ಲ ತೂತುಗಳಿಂದ ಇಳಿದು ಹೊರಗಿನ ಕಬ್ಬಿಣದ ಪೀಪಾಯಿಯ ತಳ ಸೇರಿತ್ತು.

ಮರುದಿನ ಮುಂಜಾನೆ ಮೊದಲನೆಯ ನಿಜವಾದ ಒಗೆತ. ಎರಡು ದಿನ ಬಿಟ್ಟು ದವಾಖಾನೆಯಲ್ಲಿ ಕಣ್ಣಿನ ಶಿಬಿರ. ಧಾರವಾಡದಿಂದ ಡಾಕ್ಟರರು ಬರುವವರಿದ್ದರು, ಸುತ್ತಿನ ಹಳ್ಳಿಯ ಮುದುಕರೆಲ್ಲ ಸೇರುವವರಿದ್ದರು. ಅದಕ್ಕಾಗಿ ಹೊಸ ಚಾದರ ತಂದಿದ್ದರು, ಗಂಜಿ ಹೋಗಲಿ ಎಂದು ಎಲ್ಲವನ್ನೂ ಒಗೆಯಬೇಕಾಗಿತ್ತು. ನಾವು ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದೆವು. ಮಷೀನಿನ ಮನೆಯಿಂದ ದಪ್ಪ, ದಪ್ಪ ಎಂದು ಅರಿವೆ ಬೀಳುವ ಸಪ್ಪಳ ಬರುತ್ತಿತ್ತು. ನಮ್ಮ ಹಳ್ಳದ ಸಪ್ಪಳದಂತೆಯೇ ಇತ್ತು. ಅದಕ್ಕೇ ಇನ್ನೂ ಉರಿಯಿತು.

ಸ್ವಲ್ಪ ಹೊತ್ತಿಗೆ ಹೊರಗೆ ಕೂಗಾಟ. “ರಗತ! ಗಟಾರದಾಗ ರಗತ ಹರೀಲಿಕತ್ತೈತಿ!”

ಓಡಿ ಹೋದೆವು. ಮಷೀನಿನ ಮನೆಯಿಂದ ಬರುವ ಗಟಾರು ಕೆಂಪಗೆ ಹರಿಯುತ್ತಿತ್ತು. ರೋಗಿಗಳ ಕಡೆಯವರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಒಳಗೆ ಹೊಸ ಬಿಳಿ ಚಾದರಗಳೆಲ್ಲ ಬಾಣಂತಿಯ ಅರಿವೆಯಂತೆ ಕೆಂಪಾಗಿದ್ದವು. ಫಕೀರಪ್ಪ ನಳ ತಿರುವುತ್ತಿದ್ದ, ಪಟ್ಟಾ ನೋಡುತ್ತಿದ್ದ, ಕೊಳವೆಗೆ ಕಿವಿ ಇಡುತ್ತಿದ್ದ. ಮೈಯೆಲ್ಲ ಬೆವರು.

ಕಾರಭಾರಿ ಬೆಂಕಿಯಾಗಿದ್ದರು. “ನಾ ಮದಲ ಹೇಳಿದ್ದೆ, ಹಳೇ ಮಾಲು ಬ್ಯಾಡ ಅಂತ. ಒಳಗ ತುಕ್ಕು ಹಿಡದೈತಿ. ಬಿಚ್ಚಿ ಮುಂಬಯಿಗೆ ತಿರುಗಿ ಕಳಸೂಣು. ಫಕೀರಪ್ಪ, ನೀ ಊರಿಗೆ ಹೋಗು. ಚಾದರು ಹಳ್ಳಕ್ಕ ಒಯ್ದು ಒಗಿ.”

ಬಾಗಿಲಲ್ಲಿ ನಿಂತಿದ್ದ ನನಗೆ ವಾಸನೆ ಬಂದಿತ್ತು. ಉಗಿಯ ಜೊತೆ ಅರಿಷಿಣ. ಅರಿಷಿಣಕ್ಕೆ ಸೋಡಾ ಬಿದ್ದರೆ ಕೆಂಪಾಗುತ್ತದೆ. ಇದೇನು ದೊಡ್ಡ ಗುಟ್ಟಲ್ಲ, ಮದುವೆಯ ಅರಿವೆ ಒಗೆದ ಯಾವ ಹೆಂಗಸಿಗೂ ಗೊತ್ತು. ಅವನಿಗೂ ಗೊತ್ತು. ಎಷ್ಟು ಮದುಮಕ್ಕಳ ಅರಿವೆ ಒಗೆದಿಲ್ಲ? ಆದರೆ ಅಕಿಗೆ ಏನೋ ಆಯಿತೆಂಬ ಗಾಬರಿಯಲ್ಲಿ ಅವನ ಮೂಗೂ ಕೆಲಸ ಮಾಡಲಿಲ್ಲ, ಬುದ್ಧಿಯೂ ಮಾಡಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ನಾನು ಗಟಾರು ನೋಡಿದೆ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅಕಿ ಮುಂಬಯಿಗೆ, ಅವನು ಮನೆಗೆ. ನಾನು ಒಂದು ಮಾತೂ ಆಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಳೆ ಬೆಳಗ್ಗೆ ಎದುರಿನ ಕಲ್ಲಿಗೆ ಅವನು ಬರುತ್ತಿದ್ದ.

ಆಗ ಫಕೀರಪ್ಪ ಎರಡೂ ಕೈ ಮುಗಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಅವನ ಅಪ್ಪ ಸತ್ತಾಗಲೂ ಆ ಕಣ್ಣಲ್ಲಿ ನೀರು ನಾನು ಕಂಡಿರಲಿಲ್ಲ.

“ಸಾಹೇಬ್ರ, ಅಕಿ ತಪ್ಪು ಏನೂ ಇಲ್ರಿ. ನನಗ ನಡಸಾಕ ಬಂದಿಲ್ಲ. ನನ್ನ ಬಿಡಸ್ರಿ, ಬ್ಯಾರೆ ಯಾರನ್ನರ ತರ್ರಿ. ಅಕೀನ್ನ ಮಾತ್ರ ಕಳಸಬ್ಯಾಡ್ರಿ” ಎಂದ.

ನನ್ನ ಸಂತೋಷ ಅಲ್ಲೇ ಹಾಳಾಗಿ ಹೋಯಿತು. ತನ್ನ ಅನ್ನ ಹೋಗಲಿ, ಅಕಿ ಉಳಿಯಲಿ! ಇಂಥವನನ್ನು ಮನೆಗೆ ಕರೆದುಕೊಂಡು ಹೋಗಿ ಏನು ಮಾಡಲಿ? ಎದುರಿನ ಕಲ್ಲಿಗೆ ಬಂದು ನಿಂತು, ಅಕಿಗಾಗಿ ಅಳುತ್ತ ಅರಿವೆ ಬಡಿಯುತ್ತಾನೆ. ಎದುರಿಗಿದ್ದ ಸವತಿಯನ್ನಾದರೂ ಬೈಯಬಹುದು, ಹೋದ ಸವತಿಯ ಜೊತೆ ಯಾರು ಬಾಳಬೇಕು? ಸಿಟ್ಟು ನೆತ್ತಿಗೇರಿತು.

“ಅರಿಷಿಣರೀ ಅದು!” ಎಂದು ಒದರಿದೆ. ಗಟಾರಿನ ನೀರಿಗೆ ಕೈ ಹಾಕಿ ಬೊಗಸೆಯಲ್ಲಿ ತಂದು ಕಾರಭಾರಿಯವರ ಮೂಗಿಗೇ ಹಿಡಿದೆ. “ಮೂಸ್ರಿ. ತುಕ್ಕಂತ ತುಕ್ಕು! ನಿನ್ನೆ ನಾ ಉಡಿ ತುಂಬೇನಲ್ರಿ, ಅದ ಕೆಳಗ ಇಳದೈತಿ. ಸೋಡಾ ಬಿದ್ದು ಕೆಂಪ ಆಗೈತಿ. ಯಾರೂ ಸತ್ತಿಲ್ಲ, ಅಳೂದು ಬಿಡ್ರಿ!”

ಕೊನೆಯ ಮಾತು ಗಂಡನಿಗೆ. ಡಾಕ್ಟರಬಾಯಿ ಹಣೆ ಬಡಿದುಕೊಂಡು ನಗತೊಡಗಿದರು. “ಹೌದಲ್ಲ! ಮನ್ಯಾಗ ಸಾರಿನ ಕಲೆಗೆ ಸಬಕಾರ ಹಚ್ಚಿದಾಗೆಲ್ಲ ಕೆಂಪ ಆಗ್ತದ. ರಗತ ಅಂದಕೂಡ್ಲೆ ನನಗೂ ರಗತನ ಕಂಡ್ತು ನೋಡು” ಎಂದರು.

“ನಗೂದೇನೋ ಸರಿ ಬಾಯಾರ” ಎಂದರು ಕಾರಭಾರಿ, “ನಾಡದ ಶಿಬಿರ. ಈ ಚಾದರಿನ ಮ್ಯಾಲ ಯಾರನ್ನ ಮಲಗಿಸ್ಬೇಕು?”

“ಸೋಡಾ ಹೋಗೂತನಕ ಬರೇ ನೀರಾಗ ಹಿಂಡ್ರಿ. ಕೆಂಪು ಹೋಗಿ ಹಳದಿ ಉಳೀತೈತಿ. ಹಳದೀನ್ನ ಬಿಸಿಲು ತಿಂತೈತಿ” ಎಂದೆ.

ಆ ದಿನದ ಕೆಲಸ ನಾನು ಮರೆಯುವುದಿಲ್ಲ. ಅವನು ಮಷೀನಿಗೆ ನೀರು ಬಿಟ್ಟು, ತಿರುಗಿಸಿ, ಕೆಳಗಿನ ಬಾಯಿ ತೆರೆದು ಚೆಲ್ಲಿದ. ಮತ್ತೆ ನೀರು, ಮತ್ತೆ ಚೆಲ್ಲಿದ. ನಾವು ಹಳ್ಳದಲ್ಲಿ ಹೊತ್ತು ಮುಳುಗುವತನಕ ಜಾಲಿಸಬೇಕಾದದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಅಕಿ ಮುಗಿಸಿದಳು. ಹೊಗಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಆಮೇಲೆ ಹಿಂಡುವ ಮಷೀನು. ಅದರ ಬುಟ್ಟಿಯಲ್ಲಿ ಅರಿವೆಯನ್ನು ಸುತ್ತಲೂ ಸಮನಾಗಿ ಜೋಡಿಸಬೇಕು, ಇಲ್ಲದಿದ್ದರೆ ಇಡೀ ಮಷೀನು ಕುಣಿಯುತ್ತದೆ. ಜೋಡಿಸಿ ಬಿಟ್ಟರೆ ಬುಟ್ಟಿ ಬುಗುರಿಯಂತೆ ತಿರುಗಿ, ನೀರನ್ನೆಲ್ಲ ತೂತಿನಿಂದ ಹೊರಗೆ ಎಸೆಯುತ್ತದೆ. ಒಂದು ಚಾದರವನ್ನೂ ತಿರುಚಬೇಕಾಗಿಲ್ಲ. ನನ್ನ ರಟ್ಟೆ ಮುರಿಯುತ್ತಿದ್ದ ಕೆಲಸ ಅದು.

ಹೊರಗೆ ಹಳದಿ ಚಾದರಗಳನ್ನು ಹರವಬೇಕಲ್ಲ? ನೆಲವೆಲ್ಲ ಎರೆ ಮಣ್ಣು, ಇಟ್ಟರೆ ಕರ್ರಗಾಗುತ್ತವೆ. ನಾನು ಸುತ್ತಲಿನ ಬಣವೆಗಳನ್ನು ನೋಡಿದೆ. ದವಾಖಾನೆಯ ಹಿಂದಿನ ಹಿತ್ತಿಲುಗಳಲ್ಲಿ ಕಣಿಕಿಯ ಬಣವೆಗಳು ಸಾಲಾಗಿದ್ದವು. ಮನೆಯವರನ್ನು ಕೇಳಿ, ಏಣಿ ಹಚ್ಚಿ ಹತ್ತಿ, ಒಂದೊಂದು ಬಣವೆಗೂ ಚಾದರ ಹೊದಿಸಿದೆ. ಅತ್ತೆ ಕೆಳಗಿಂದ ಎಸೆದರು. ಒಣಗುತ್ತ ಬಂದಂತೆ ನೀರು ಚಿಮುಕಿಸಿ ಮತ್ತೆ ಹಸಿ ಮಾಡಿದೆವು, ಹಸಿ ಇದ್ದರೆ ಬಿಸಿಲು ಬೇಗ ಬಣ್ಣ ತಿನ್ನುತ್ತದೆ. ಶಿವರಾತ್ರಿಯ ಮುಂದಿನ ಬಿಸಿಲು, ಬೆನ್ನು ಸುಡುತ್ತಿತ್ತು. ಸಂಜೆಗೆ ಹಳದಿ ಎಳೆಯದಾಯಿತು. ಮರುದಿನ ಮತ್ತೊಮ್ಮೆ ಹರವಿದೆವು. ಇಳಿಹೊತ್ತಿನಲ್ಲಿ ಕಾರಭಾರಿ ಒಂದು ಚಾದರ ಹಿಡಿದು ಹಿಂದೆ ಮುಂದೆ ನೋಡಿದರು. ಹಾಲಿನಂತಿತ್ತು.

“ಆತು ಗಂಗವ್ವ, ಮಷೀನು ಇರ್ಲಿ. ನಿನ್ನ ಗಂಡನೂ ಇರ್ಲಿ” ಎಂದರು.

“ನಾನು?” ಎಂದೆ.

“ನೀ ಊರಿಗೆ...”

“ಮಷೀನಿಗೆ ಒಣಗಸಾಕ ಬರತೈತೇನ್ರಿ? ಹರವಾವ್ರು, ಮಡಚಾವ್ರು ಯಾರು? ನಾ ಇಲ್ಲೇ ಇರ್ತೀನಿ.”

“ಖೋಲಿ ಒಬ್ಬರಿಗಷ್ಟ ಐತೆಲ್ಲ ಬೇ.”

“ಒಬ್ಬರಿಗ ಸಾಕ್ರಿ. ಖೋಲ್ಯಾಗ ನಾ ಮಲಗ್ತೀನಿ. ಅವ್ರು ಅಕಿ ಬಾಜೂಕ ಮಲಗ್ಲಿ. ನಾಲ್ಕು ತಿಂಗಳು ರೂಢಿ ಆಗೈತಿ!”

ಡಾಕ್ಟರಬಾಯಿ ಮತ್ತೆ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. ಆದರೂ ಕೆಲಸ ಆಯಿತು. ಅತ್ತೆಯೂ ಮಗಳೂ ಊರಿನ ಅರಿವೆ ನೋಡಿಕೊಳ್ಳಲು ಕತ್ತೆಯೊಡನೆ ಹೋದರು, ನಾನು ಉಳಿದೆ.

ಶಿಬಿರ ಮುಗಿದ ಮರುದಿನ ಎಲ್ಲ ಚಾದರಗಳೂ ಒಗೆತಕ್ಕೆ ಬಂದವು. ಮಷೀನಿನ ಮನೆಯಲ್ಲಿ ನಾವಿಬ್ಬರೇ. ಅವನು ಅರಿವೆ ತುಂಬಿ ಬಾಗಿಲ ಕೀಲಿ ಹಾಕಿದ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡಿದ. ಸೋಡಾ ಹಾಕಿ ಉಗಿ ಬಿಟ್ಟ. ಅರಿಷಿಣದ ಗಲಾಟೆಯಾದಾಗಿನಿಂದ ನನ್ನೊಡನೆ ನೆಟ್ಟಗೆ ಮಾತಾಡಿರಲಿಲ್ಲ, ಈಗ, “ಬಾ ಗಂಗಿ, ನೀನೂ ಕಲಿ” ಎಂದ.

ಅಕಿಯ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಹಿಡಿಕೆ ಇತ್ತು. ಮೇಲಿನ ಚಕ್ರಕ್ಕೆ ಎರಡು ಪಟ್ಟಾ, ಒಂದು ನೇರ, ಒಂದು ತಿರುವು ಹಾಕಿದ್ದು. ಹಿಡಿಕೆಯನ್ನು ಈ ಕಡೆ ಎಳೆದರೆ ಪೀಪಾಯಿ ಬಲಕ್ಕೆ ತಿರುಗುತ್ತದೆ, ಆ ಕಡೆ ತಳ್ಳಿದರೆ ಎಡಕ್ಕೆ. ನಾಲ್ಕು ಸುತ್ತು ಹೀಗೆ, ನಾಲ್ಕು ಸುತ್ತು ಹಾಗೆ. ಒಂದೇ ಕಡೆ ತಿರುಗುತ್ತ ಬಿಟ್ಟರೆ ಅರಿವೆಯೆಲ್ಲ ಹಗ್ಗದಂತೆ ಹೊಸೆದು ಗಂಟಾಗುತ್ತವೆ. ಅದಕ್ಕೇ ಹಿಡಿಕೆ ಬಿಟ್ಟು ಆಚೀಚೆ ಹೋಗುವಂತಿಲ್ಲ.

ನಾನು ಹಿಡಿಕೆ ಹಿಡಿದೆ. ಕಲ್ಲಿಗೆ ಬಡಿದ ಕೈ, ಜೋರಾಗಿಯೇ ಎಳೆದೆ. ಪಟ್ಟಾ ಕಿರ್ರೆಂದು ಕೂಗಿತು.

“ಹಗೂರ ಗಂಗಿ, ಹಗೂರ!” ಎಂದು ಅವನು ಓಡಿ ಬಂದ. ಅಕಿಯ ಮೈ ಮೇಲೆ ಅಂಗೈ ಇಟ್ಟ. “ಅಕಿಗೆ ಪೆಟ್ಟಾಗತೈತಿ.”

ನಾನು ಹಿಡಿಕೆ ಬಿಟ್ಟೆ. ಬಾಯ ತುದಿಗೆ ಬೈಗುಳ ಬಂದಿತ್ತು, ಅದು ಹೊರಗೆ ಬರಲಿಲ್ಲ. ಬಂದದ್ದು ಬೇರೆ ಮಾತು.

“ಇಷ್ಟು ವರ್ಷ ನಿನ್ನ ಎದುರಿಗೆ ನಿಂತು ಕಲ್ಲಿಗೆ ಬಡದೀನಿ. ಸವಳು ತಿಂದು ಅಂಗೈ ಸೀಳೇತಿ. ರಟ್ಟಿ ಹಿಡದು ರಾತ್ರಿ ಮಗ್ಗಲಾ ಬದಲಸಾಕ ಬರೂದಿಲ್ಲ. ಒಂದ ದಿನರೆ ನನಗ ಹಗೂರ ಅಂದೀಯೇನು?”

ಅವನು ನನ್ನನ್ನು ನೋಡಿದ. ಮಷೀನನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

“ಅಕಿಗೆ ನೋವಾದ್ರ ಸಪ್ಪಳ ಮಾಡ್ತಾಳ ಗಂಗಿ. ನೀ ಇಷ್ಟು ಮಾತಾಡ್ತಿ, ನೋವಾಗತೈತಿ ಅಂತ ಇವತ್ತಿನ ತನಕ ಅಂದಿಲ್ಲ. ನನಗ ಹ್ಯಾಂಗ ಗೊತ್ತಾಗಬೇಕು?”

ಅದು ಹೌದು. ಊರಿನವರನ್ನು ಬೈದಿದ್ದೇನೆ, ಅತ್ತೆಗೆ ಎದುರುತ್ತರ ಕೊಟ್ಟಿದ್ದೇನೆ, ಆ ಒಂದು ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಹೇಳುತ್ತ ಹೇಳುತ್ತ ಬಾಯಿ ಬಿಟ್ಟು ಅತ್ತುಬಿಟ್ಟೆ, ಮಷೀನಿಗಿಂತ ಜೋರಾಗಿ. ಅವನು ಬಂದು ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದ. ಅಕಿ ಮಾತ್ರ ಒಂದೇ ಕಡೆ ತಿರುಗುತ್ತಲೇ ಇದ್ದಳು, ಒಳಗೆ ಚಾದರಗಳು ಹೊಸೆದುಕೊಳ್ಳುವ ಸಪ್ಪಳ ಕೇಳುತ್ತಿತ್ತು.

“ಅರಿವಿ ಗಂಟಾಗಾಕತ್ತಾವು, ಹೋಗಿ ತಿರುವು” ಎಂದೆ.

“ಆಗಲಿ ಬಿಡು” ಎಂದ. ಕೈ ಬಿಡಲಿಲ್ಲ.